ಕಿರುಬೆಸುಗೆಯ ವಿದ್ಯೆಯೂ ನಮ್ಮ ಜಿಲ್ಲೆಯೂ

ಕೃಷ್ಣೆಯ ನೀರು ಆಲಮಟ್ಟಿಯ ಜಲಾಶಯದಿಂದ ಮೇಲೆತ್ತಲ್ಪಟ್ಟು ಮುಳವಾಡ ಏತ ನೀರಾವರಿಯ ಕಾಲುವೆಗಳ ಮೂಲಕ ವಿಜಯಪುರ ಸೀಮೆಯ ಒಣನೆಲಕ್ಕೆ ಹರಿದು ಬಂದುದು ನಮ್ಮ ಕಾಲದ ದೊಡ್ಡ ಸಂಗತಿಗಳಲ್ಲೊಂದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟಂದಿನಿಂದ ಈ ನೀರಿನ ದಾರಿ ಕಾದವರು ಕೆಲವರಲ್ಲ. ಮುಳವಾಡಕ್ಕೆ ನೆರೆಯದಾದ ಕೂಡಗಿಯಲ್ಲಿ 2400 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರವೂ ನಿಂತಿದೆ. ನೀರು ಬಂದಿತು, ವಿದ್ಯುತ್ತೂ ಬಾಗಿಲಲ್ಲಿದೆ. ಆದರೆ ರೈತನ ಹೊಲದಲ್ಲಿ ಪಂಪು ತಿರುಗಬೇಕಾದರೆ ಇವೆರಡರ ನಡುವೆ ಮೂರನೆಯದೊಂದು ವಸ್ತುವು ನೆಟ್ಟಗಿರಬೇಕು; ಅದು ಸ್ಟಾರ್ಟರ್ ಪೆಟ್ಟಿಗೆಯೊಳಗಿನ ಅಂಗೈಯಗಲದ ಹಸಿರು ಫಲಕ. ಇಂದು ನಾವು ಬರೆಯಹೊರಟಿರುವುದು ಆ ಫಲಕದ ಮೇಲಣ ಬೆಸುಗೆಯನ್ನು ಕುರಿತು. ವಿಷಯವು ಅಲ್ಪವೆಂದು ವಾಚಕ ಮಹಾಶಯರು ಪುಟವನ್ನು ತಿರುವದಿರಲೆಂದು ನಮ್ಮ ಬಿನ್ನಹ.

ಮನೆಯಲ್ಲಿ ಕುಳಿತು ಮೊಬೈಲಿನಿಂದಲೇ ಪಂಪನ್ನು ಚಾಲೂ ಮಾಡುವ, ಬಂದು ಮಾಡುವ ಸ್ಟಾರ್ಟರುಗಳು ಈಗ ಹಳ್ಳಿಗಳಿಗೂ ಬಂದಿವೆ. ನಡುರಾತ್ರಿ ಕರೆಂಟು ಬಂದಾಗ ಹಾವು ಚೇಳುಗಳ ನಡುವೆ ಹೊಲಕ್ಕೆ ಓಡುವ ಕಷ್ಟವು ತಪ್ಪಿತೆಂದು ರೈತನು ಅವುಗಳನ್ನು ಸಂತೋಷದಿಂದಲೇ ಕೊಂಡನು. ಒಂದು ದಿನ ಸಿಡಿಲೋ ವೋಲ್ಟೇಜಿನ ಏರಿಳಿತವೋ ಬಡಿದು ಪೆಟ್ಟಿಗೆಯು ಮೂಕವಾಗುತ್ತದೆ. ಅಂಗಡಿಗೆ ಒಯ್ದರೆ ಸಿಕ್ಕುವ ಉತ್ತರವು ಬಹುಶಃ ಎಲ್ಲೆಡೆಯೂ ಒಂದೇ: ಬೋರ್ಡು ಹೋಗಿದೆ, ಹೊಸದನ್ನು ಹಾಕಿಸಿರಿ. ಸೀಳಿದ್ದು ಒಂದು ರೂಪಾಯಿಯೂ ಬಾಳದ ಒಂದು ರೆಸಿಸ್ಟರೋ ಕೆಪಾಸಿಟರೋ ಆಗಿದ್ದರೂ ಸಾವಿರಾರು ರೂಪಾಯಿಗಳ ಫಲಕವು ತಿಪ್ಪೆಗೆ ಹೋಗುತ್ತದೆ. ಹೊಸದು ಬರುವವರೆಗೆ ದ್ರಾಕ್ಷಿಯ ಬಳ್ಳಿಯಾಗಲಿ ಉಳ್ಳಾಗಡ್ಡಿಯ ಮಡಿಯಾಗಲಿ ನೀರಿಗಾಗಿ ಕಾಯುವುದೆ? ಒಂದು ವಾರದ ಬಾಯಾರಿಕೆಯ ಬೆಲೆಯನ್ನು ಯಾರ ಲೆಕ್ಕದಲ್ಲಿ ಬರೆಯಬೇಕು?

ಕೆಲವು ದಶಕಗಳ ಹಿಂದಣ ರೇಡಿಯೋ ಪೆಟ್ಟಿಗೆಯನ್ನು ಬಿಚ್ಚಿ ನೋಡಿದವರಿಗೆ ಗೊತ್ತಿರಬಹುದು. ಅಂದಿನ ಬಿಡಿಭಾಗಗಳಿಗೆ ತಂತಿಯ ಕಾಲುಗಳಿದ್ದವು, ಅವನ್ನು ಫಲಕದ ರಂಧ್ರಗಳಲ್ಲಿ ತೂರಿಸಿ ಹಿಂಬದಿಯಲ್ಲಿ ಬೆಸೆಯುತ್ತಿದ್ದರು. 1960ರ ದಶಕದಲ್ಲಿ ಅಮೇರಿಕೆಯ ಐಬಿಎಂ ಸಂಸ್ಥೆಯಲ್ಲಿ ಬಳಕೆಗೆ ಬಂದು 1980ರ ದಶಕದಿಂದೀಚೆಗೆ ಲೋಕವನ್ನೆಲ್ಲ ವ್ಯಾಪಿಸಿದ ಹೊಸ ಪದ್ಧತಿಯಲ್ಲಿ ಕಾಲೂ ಇಲ್ಲ, ರಂಧ್ರವೂ ಇಲ್ಲ. ಬಿಡಿಭಾಗವು ಫಲಕದ ಮೇಲ್ಮೈಯಲ್ಲಿಯೇ ಕುಳಿತು ತಾಮ್ರದ ಮಚ್ಚೆಗಳಿಗೆ ಬೆಸೆದುಕೊಳ್ಳುತ್ತದೆ. ಅಂಗಡಿಯವರು ಇವನ್ನು ಎಸ್‌ಎಂಡಿ ಎನ್ನುತ್ತಾರೆ. ಇವುಗಳ ಹೆಸರೇ ಇವುಗಳ ಅಳತೆ. 1206 ಎಂದರೆ ಅಂಗುಲದ ನೂರು ಪಾಲುಗಳಲ್ಲಿ ಹನ್ನೆರಡು ಪಾಲು ಉದ್ದ, ಆರು ಪಾಲು ಅಗಲ. ನಮ್ಮ ಬಿಳಿಜೋಳದ ಕಾಳಿಗಿಂತ ಕಿರಿದು. 0603 ಎಂಬುದು ಎಳ್ಳಿಗಿಂತ ಕಿರಿದು. 0402 ಎಂಬುದು ಒಂದು ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲ; ಸಾಸಿವೆಯೂ ಅದರ ಮುಂದೆ ದೊಡ್ಡದು.

ಇಷ್ಟು ಸಣ್ಣದನ್ನು ಮನುಷ್ಯನ ಕೈಯಿಂದ ಬೆಸೆಯಲಾದೀತೆ, ಅದು ಯಂತ್ರದ ಕೆಲಸವಲ್ಲವೆ, ಎಂದು ವಿದ್ಯಾವಂತರೇ ಕೇಳುವುದನ್ನು ನಾವು ಕೇಳಿದ್ದೇವೆ. ಗಂಟೆಗೆ ಸಾವಿರಾರು ಬಿಡಿಭಾಗಗಳನ್ನಿಡುವ ಯಂತ್ರಗಳು ಕಾರಖಾನೆಯಲ್ಲಿ ಉಂಟು, ನಿಜ. ಆದರೆ ಸೀಳಿಹೋದ ಒಂದನ್ನು ಕಿತ್ತು ಇನ್ನೊಂದನ್ನಿಡುವುದಕ್ಕೆ ಅಂತಹ ಯಂತ್ರವನ್ನು ಯಾರೂ ಹೂಡರು. ಅಲ್ಲಿ ಕೈಯೇ ಗತಿ. ಕೈಗೆ ಅದು ಅಸಾಧ್ಯವೂ ಅಲ್ಲ. ಎರಡು ಮಚ್ಚೆಗಳಲ್ಲಿ ಒಂದಕ್ಕೆ ಮಾತ್ರ ಮೊದಲು ತುಸು ಬೆಸುಗೆಯನ್ನು ಹಚ್ಚಬೇಕು. ಬಿಡಿಭಾಗವನ್ನು ಚೂಪಾದ ಚಿಮಟದಲ್ಲಿ ಹಿಡಿದು, ಆ ಬೆಸುಗೆಯನ್ನು ಕಾವಿನಿಂದ ಕರಗಿಸಿ, ಪಕ್ಕದಿಂದ ಜಾರಿಸಿ ಕೂರಿಸಿ, ಕಾವನ್ನು ತೆಗೆದು, ಅದು ಗಟ್ಟಿಯಾಗುವವರೆಗೆ ಚಿಮಟವನ್ನು ಅಲುಗಿಸದಿರಬೇಕು. ಒಂದು ತುದಿ ಹಿಡಿದ ಮೇಲೆ ಇನ್ನೊಂದು ತುದಿಯನ್ನು ನಿಶ್ಚಿಂತೆಯಿಂದ ಬೆಸೆಯಬಹುದು. ಪ್ರತಿ ತುದಿಗೆ ಎರಡು ಮೂರು ಸೆಕೆಂಡುಗಳು ಸಾಕು. ಹೆಚ್ಚು ಹೊತ್ತು ಕಾಸಿದರೆ ಮಚ್ಚೆಯೇ ಫಲಕದಿಂದ ಎದ್ದುಬಂದು ಕೆಲಸವು ಕೆಡುವುದು. ತವರ 63 ಪಾಲು, ಸೀಸ 37 ಪಾಲಿನ ಬೆಸುಗೆಯು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ; ಸೀಸವಿಲ್ಲದ, ತವರ ಬೆಳ್ಳಿ ತಾಮ್ರಗಳ ಈಗಿನ ಬೆಸುಗೆಗೆ 217 ಡಿಗ್ರಿಗಿಂತ ಹೆಚ್ಚು ಬೇಕು, ಮತ್ತು ಅದು ಸ್ವಭಾವದಿಂದಲೇ ಮಂಕು. ಆದುದರಿಂದ ಹೊಳಪನ್ನು ನೋಡಿ ತೀರ್ಪು ಕೊಡಬಾರದು, ಆಕಾರವನ್ನು ನೋಡಬೇಕು. ಬೆಸುಗೆಯು ಎರಡೂ ಕಡೆಗೆ ಇಳಿಜಾರಾಗಿ ಹಬ್ಬಿದ್ದರೆ ಸರಿ. ಕೆಸುವಿನೆಲೆಯ ಮೇಲಣ ನೀರಿನಂತೆ ಗುಂಡಾಗಿ ನಿಂತಿದ್ದರೆ ಅದು ಹಿಡಿದೇ ಇಲ್ಲ.

ಹಿಡಿಯುವುದಕ್ಕೆ ರಾಳ ಬೇಕು. ಕಾದ ತಾಮ್ರದ ಮೇಲೆ ಗಾಳಿಯಿಂದ ಕಟ್ಟುವ ಕಿಲುಬಿನ ಪದರವನ್ನು ರಾಳವು ಕಳೆಯುತ್ತದೆ. ಆಗ ಕರಗಿದ ಬೆಸುಗೆಯು ತಾನಾಗಿ ಹರಡಿ, ಓರೆಯಾಗಿ ಕುಳಿತ ಸಣ್ಣ ತುಣುಕನ್ನು ತಾನೇ ಎಳೆದು ನೇರಮಾಡುವುದೂ ಉಂಟು. ಇದನ್ನು ಕೇಳಿ ನಮ್ಮ ಪತ್ತಾರರು ನಗುವರು. ಬಂಗಾರವನ್ನು ಬೆಸೆಯುವಾಗ ಅವರು ಹಾಕುವ ಬಿಳಿಗಾರವೂ, ಪಾತ್ರೆಗೆ ಕಲಾಯಿ ಹಚ್ಚುವವನು ಎರಚುವ ನವಸಾಗರವೂ ಮಾಡುವುದು ಇದೇ ಕೆಲಸವನ್ನು. ಹೊಸದೆಂದು ನಾವು ಬೆದರುವ ವಿದ್ಯೆಯ ಅರ್ಧವು ನಮ್ಮ ಓಣಿಯಲ್ಲಿಯೇ ಇತ್ತು. ಇನ್ನು ಕೈ ನಡುಗುವುದೆಂಬ ಮಾತು. ಅದು ಬಹುಮಟ್ಟಿಗೆ ಕಣ್ಣಿನ ದೋಷ. ಒಳ್ಳೆಯ ಭೂತಗನ್ನಡಿಯ ಕೆಳಗೆ ಕಂಡದ್ದನ್ನು ಕೈ ಅನುಸರಿಸುತ್ತದೆ, ಮಣಿಕಟ್ಟನ್ನು ಮೇಜಿಗೆ ಊರಿದರಾಯಿತು. ಹೊಟ್ಟೆಯಡಿಯಲ್ಲಿ ಬೆಸುಗೆಯ ಗುಂಡುಗಳನ್ನಿಟ್ಟುಕೊಂಡ ಕೆಲವು ಚಿಪ್ಪುಗಳು ಈ ಸಲಕರಣೆಗೆ ಬಗ್ಗವು, ಅವಕ್ಕೆ ಬಿಸಿಗಾಳಿಯ ಉಪಕರಣ ಬೇಕು. ಆದರೆ ಪಂಪಿನ ಸ್ಟಾರ್ಟರಿನಲ್ಲಿಯೂ ಮನೆಯ ಎಲ್‌ಇಡಿ ದೀಪದಲ್ಲಿಯೂ ಸಾಮಾನ್ಯವಾಗಿ ಕೆಡುವುದು ಅವಲ್ಲ.

ಕರ್ನಾಟಕವು ಈ ವಿದ್ಯೆಗೆ ಹೊಸತೆ? 1948ರಲ್ಲಿ ಬೆಂಗಳೂರಿನಲ್ಲಿ ಟೆಲಿಫೋನ್ ಕಾರಖಾನೆ ಐಟಿಐ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದವು. ಸಿ-ಡಾಟ್ ಸಂಸ್ಥೆಯು ನಮ್ಮ ಹಳ್ಳಿಗಳ ಧೂಳು, ಬಿಸಿಲುಗಳನ್ನು ಲೆಕ್ಕಕ್ಕೆ ಹಿಡಿದು, ಹವಾನಿಯಂತ್ರಣವಿಲ್ಲದೆ ನಡೆಯುವಂತೆ ರಚಿಸಿದ ಗ್ರಾಮೀಣ ಟೆಲಿಫೋನ್ ವಿನಿಮಯ ಕೇಂದ್ರವು 1986ರಲ್ಲಿ ಮೊದಲು ನೆಲೆಗೊಂಡದ್ದು ಚೆನ್ನಮ್ಮ ರಾಣಿಯ ಕಿತ್ತೂರಿನಲ್ಲಿ. ಪರದೇಶದ ಯಂತ್ರವು ನಮ್ಮ ಊರಿಗೆ ಹೊಂದದಿದ್ದರೆ ನಮ್ಮ ಊರಿಗೆ ಹೊಂದುವ ಯಂತ್ರವನ್ನು ನಾವೇ ಮಾಡೋಣವೆಂಬ ಆ ಛಲವು ಉತ್ತರ ಕರ್ನಾಟಕದ ನೆಲದ ಮೇಲೆಯೇ ಫಲಿಸಿತು. ಯಂತ್ರವನ್ನು ಮಾಡಬಲ್ಲ ನಾಡು ಅದನ್ನು ದುರಸ್ತಿ ಮಾಡಲು ಬೆಂಗಳೂರು ಪುಣೆಗಳ ದಾರಿ ನೋಡುವುದು ನಮಗೆ ಶೋಭಿಸದು.

ಸರಕಾರದ ಕೈಗಾರಿಕಾ ತರಬೇತಿ ಸಂಸ್ಥೆಗಳ ಎರಡು ವರ್ಷದ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಪಠ್ಯಕ್ರಮದಲ್ಲಿ ಈ ಬೆಸುಗೆಯ ಪಾಠವಿದೆಯೆಂಬುದನ್ನು ನಾವು ಬಲ್ಲೆವು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗೊಂದರಂತೆ ನಡೆಸುವ ಸಂಸ್ಥೆಗಳಲ್ಲಿ ಮೊಬೈಲ್ ದುರಸ್ತಿಯ 30 ದಿನಗಳ ಶಿಕ್ಷಣವೂ ಉಂಟು. ಪಾಠವಿರುವುದು ಬೇರೆ, ಕೈಗೆ ಬರುವುದು ಬೇರೆ. ಕೆಟ್ಟ ಫಲಕಗಳ ಮೇಲೆ ನೂರು ತುಣುಕುಗಳನ್ನು ಕಿತ್ತು ನೂರನ್ನು ಕೂರಿಸದವನಿಗೆ ಪ್ರಮಾಣಪತ್ರವನ್ನು ಕೊಡಬಾರದೆಂದೇ ನಮ್ಮ ಅಭಿಪ್ರಾಯ. ಹೆಣ್ಣುಮಕ್ಕಳನ್ನು ಈ ಮೇಜಿಗೆ ಕರೆಯುವುದು ಅದಕ್ಕಿಂತಲೂ ಅಗತ್ಯ. ಬಟ್ಟೆಯ ಮೇಲೆ ಗೆರೆಯನ್ನೂ ಎಳೆಯದೆ ನೂಲನ್ನೆಣಿಸಿ ಕಸೂತಿ ಹಾಕುವ ಬೆರಳುಗಳಿಗೆ 0402 ಯಾವ ಲೆಕ್ಕ?

ಕೈ ಪಳಗಿದರೂ ಕಾರಖಾನೆಯವರು ಬಿಡದಿದ್ದರೆ ಫಲವಿಲ್ಲ. ಚಿಪ್ಪಿನ ಮೇಲಣ ಹೆಸರನ್ನು ಕೆರೆದು, ಫಲಕದ ಮೇಲೆ ಅಂಟನ್ನು ಸುರಿದು, ನಕ್ಷೆಯನ್ನು ಗುಟ್ಟಾಗಿಡುವವರು ಹಲವರು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯನ್ನು ನೇಮಿಸಿ, ಕೃಷಿ ಉಪಕರಣಗಳನ್ನೂ ಅದರ ವಿಚಾರಕ್ಕೆ ಸೇರಿಸಿತು. ಅದು ಒಳ್ಳೆಯದೇ. ಆದರೆ ಜಿಲ್ಲೆಯ ಅಧಿಕಾರಿಗಳು ದಿಲ್ಲಿಯ ಕಡೆಗೆ ನೋಡುತ್ತ ಕೂರಬೇಕಾಗಿಲ್ಲ. 2019ರ ಕುಸುಮ್ ಯೋಜನೆಯ ಸೌರಪಂಪುಗಳಿಗಾಗಲಿ ಬೇರೆ ಯಾವ ಉಪಕರಣಕ್ಕಾಗಲಿ ಪ್ರಜೆಯ ಹಣದಿಂದ ಸಹಾಯಧನವು ಸಲ್ಲುವಲ್ಲಿ, ನಕ್ಷೆಯನ್ನೂ ಬಿಡಿಭಾಗಗಳ ಪಟ್ಟಿಯನ್ನೂ ಒಪ್ಪಿಸದವನ ಮಾಲನ್ನು ಕೊಳ್ಳುವುದಿಲ್ಲವೆಂದು ಕರಾರಿನಲ್ಲಿ ಒಂದು ಸಾಲನ್ನು ಸೇರಿಸುವಂತೆ ಸರಕಾರಕ್ಕೆ ಬರೆದುಕೊಳ್ಳಲು ಅವರಿಗೆ ಅಡ್ಡಿಯೇನು?

ಮೊದಲ ಮೇಜು ಮುಳವಾಡದಲ್ಲಿಯೇ ಆಗಲೆಂದು ನಾವು ಸೂಚಿಸುತ್ತೇವೆ. ಕಾವನ್ನು ಹದದಲ್ಲಿಡುವ ಬೆಸುಗೆಕೋಲು, ಭೂತಗನ್ನಡಿ, ಚಿಮಟ, ಮೀಟರು, ರಾಳ, ಇಷ್ಟಕ್ಕೆ ಕೆಲವೇ ಸಾವಿರ ರೂಪಾಯಿಗಳು ಸಾಕು. ಪಂಚಾಯತಿಯು ಒಂದು ಕೋಣೆಯನ್ನು ಕೊಟ್ಟರೆ ಇಬ್ಬರು ತರುಣರು ಅಲ್ಲಿ ಕುಳಿತು ಬಾಳಬಹುದು. ಕೋಣೆಗೆ ಕಿಟಕಿಯೂ ಹೊಗೆಯನ್ನು ಹೊರಗೆಳೆಯುವ ಫ್ಯಾನೂ ಇರಲಿ, ರಾಳದ ಹೊಗೆಯು ಉಬ್ಬಸಕ್ಕೆ ಕಾರಣವಾಗಬಲ್ಲದು. ಸೀಸವನ್ನು ಮುಟ್ಟಿದ ಕೈಯಿಂದ ಎಲೆಯಡಿಕೆಯನ್ನಾಗಲಿ ತಂಬಾಕನ್ನಾಗಲಿ ಬಾಯಿಗಿಡುವುದು ವಿಷವನ್ನು ತಿಂದಂತೆ. ನಮ್ಮ ಸೀಮೆಯ ಚಾಳಿಯನ್ನು ಬಲ್ಲ ನಾವು ಇದನ್ನು ಒತ್ತಿ ಹೇಳುತ್ತೇವೆ. ಮೇಜಿನ ಹತ್ತಿರವೇ ಕೈ ತೊಳೆಯುವ ನಳವೊಂದು ಬೇಕು. ಅದರ ವೆಚ್ಚವನ್ನು ಅಂದಾಜುಪಟ್ಟಿಯಲ್ಲಿ ಮೊದಲೇ ಬರೆಯತಕ್ಕದ್ದು.