ಟಿಕೆಟ್ ಇಲ್ಲದೆ ಊರು ನೋಡೋಣ

ಮಕ್ಕಳೇ, ದೊಡ್ಡ ಶಹರಗಳಲ್ಲಿ ಎತ್ತರದ ಕಟ್ಟಡದ ನೆತ್ತಿಯಿಂದ ಊರು ನೋಡಬೇಕಾದರೆ ಟಿಕೆಟ್ ಕೊಳ್ಳಬೇಕು, ಲಿಫ್ಟಿಗೆ ಸಾಲು ನಿಲ್ಲಬೇಕು. ನಮ್ಮ ರಾಯಚೂರಿನಲ್ಲಿ ಎರಡೂ ಬೇಡ. ಬಸ್ ನಿಲ್ದಾಣದ ಹತ್ತಿರವೇ ಕೋಟೆ, ಅಲ್ಲಿಯೇ ಸುಮಾರು 290 ಅಡಿ ಎತ್ತರದ ಬೆಟ್ಟ. ಮೊಣಕಾಲು ಒಪ್ಪಿದರೆ ಸಾಕು!

ಬೇಸಿಗೆಯಲ್ಲಾದರೆ ಬೆಳಗಿನ ತಂಪಿನಲ್ಲೇ ಹತ್ತಿ ಇಳಿಯಿರಿ. ನಮ್ಮೂರ ಬಿಸಿಲಿನ ಜೊತೆ ಜಿದ್ದು ಬೇಡ. ನೀರಿನ ಬಾಟಲಿ ಇರಲಿ; ಖಾಲಿಯಾದ ಮೇಲೆ ಅದೂ ನಿಮ್ಮ ಜೊತೆಗೇ ಕೆಳಗೆ ಬರಲಿ. ಬಂಡೆಯ ಅಂಚಿಗೆ ಹೋಗಬೇಡಿ. ಚಿಕ್ಕವರು ದೊಡ್ಡವರ ಕೈ ಬಿಡಬಾರದು.

ಮೇಲೆ ನಿಂತರೆ ಕೆಳಗೆ ಮಾವಿನಕೆರೆ, ಸುತ್ತಲೂ ಒತ್ತಾಗಿ ಮನೆಗಳು. ರೈಲಿನ ಕೂಗು ಕೇಳಿದರೆ ನೆನಪಿಡಿ: ಮುಂಬಯಿ ಕಡೆಯ ಹಳಿಯೂ ಮದರಾಸು ಕಡೆಯ ಹಳಿಯೂ 1871ರಲ್ಲಿ ಕೂಡಿದ್ದು ಈ ಊರಿನಲ್ಲೇ. ಉತ್ತರಕ್ಕೆ ಕೃಷ್ಣೆ, ಆ ದಿಕ್ಕಿನಲ್ಲೇ ವಿದ್ಯುತ್ ಮಾಡುವ ಶಕ್ತಿನಗರ. ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ಹೊಳೆಗಳ ನಡುವಿನ ನೆಲಕ್ಕಾಗಿಯೇ 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾನಿಗೂ ದೊಡ್ಡ ಯುದ್ಧ ನಡೆಯಿತು. ಈಗ ಪಶ್ಚಿಮಕ್ಕೆ ಮುಖ ಮಾಡಿ. ಎಡಗೈ ಕಡೆ ಮಾನ್ವಿ, ಬಲಗೈ ಕಡೆ ದೇವದುರ್ಗ. ಆ ಊರುಗಳು ಕಾಣುವುದಿಲ್ಲ, ದಿಕ್ಕು ಮಾತ್ರ ಮನಸ್ಸಿನಲ್ಲಿ ಕೂರುತ್ತದೆ.

ಇಳಿದ ಮೇಲೆ ಕೋಟೆಯ ಪಶ್ಚಿಮದ ಗೋಡೆ ನೋಡದೆ ಹೋಗಬೇಡಿ. ಅಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರುದ್ದಿವಾರು ಕೋಟೆ ಕಟ್ಟಿಸಿದನೆಂದು ಅದರ ಮೇಲೆ ಬರೆದಿದೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಕೋಣಗಳು ಎಳೆದು ತಂದ ಚಿತ್ರವೂ ಗೋಡೆಯಲ್ಲಿದೆ.

ಅದನ್ನು ನೋಡಿ ನನ್ನ ಮೊಮ್ಮಗ ಕೇಳಿದ: "ಅಜ್ಜ, ಅವ್ರೂ ಹೆಸರು ಕೆತ್ಯಾರ. ಮ್ಯಾಲೆ ಹುಡುಗರು ಹೆಸರು ಗೀಚಿದ್ರ ತಪ್ಪು ಅಂತೀಯಲ್ಲ, ಯಾಕ?"

ಪ್ರಶ್ನೆ ಗಟ್ಟಿಯಾಗಿತ್ತು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ತಿಳಿದ ಉತ್ತರವನ್ನೇ ಕೊಟ್ಟೆ: "ಅವ್ರು ಮೊದ್ಲು ಕೋಟೆ ಜಮಾ ಮಾಡ್ಯಾರ, ಆಮ್ಯಾಲೆ ಹೆಸರು ಬರ್ದಾರ. ಗೀಚೋರು ಏನು ಜಮಾ ಮಾಡ್ಯಾರಪ್ಪ? ಇನ್ನೊಬ್ಬರ ಖಾತೆದಾಗ ತಮ್ಮ ಹೆಸರು ಬರ್ದಂಗಾತು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಂದು ನೋಟ್‌ಬುಕ್‌ನಾಗ ಬರ್ಕೋತೀನಿ" ಎಂದ.

ನೀವೂ ಒಂದು ನೋಟ್‌ಬುಕ್ ಒಯ್ಯಿರಿ. ಮೇಲಿನಿಂದ ನಿಮ್ಮ ಶಾಲೆ ಎಲ್ಲಿ ಕಂಡಿತು, ಬರೆದು ತನ್ನಿ.