ಎರಡು ವಾರದ ಕೆಮ್ಮಿಗೆ ಮೊದಲು ಪರೀಕ್ಷೆ, ಆಮೇಲೆ ಮದ್ದು

ಮನೆಯಲ್ಲಿ ಯಾರಿಗಾದರೂ ಎರಡು ವಾರ ಕಳೆದರೂ ಕೆಮ್ಮು ನಿಲ್ಲದಿದ್ದರೆ ನೀವು ಏನು ಮಾಡುತ್ತೀರಿ? ಮೊದಲು ಶುಂಠಿ ಕಷಾಯ. ಆಮೇಲೆ ಮೆಡಿಕಲ್ ಶಾಪಿನಿಂದ ಒಂದು ಬಾಟಲಿ ಸಿರಪ್. ಅದಕ್ಕೂ ಬಗ್ಗದಿದ್ದರೆ ನನ್ನಂತಹ ಯುನಾನಿ ವೈದ್ಯರ ಬಳಿ ಬರುತ್ತೀರಿ. ಬನ್ನಿ, ಬೇಡವೆನ್ನುವುದಿಲ್ಲ. ಆದರೆ ಕಫ ಪರೀಕ್ಷೆ ಮಾಡಿಸಿಕೊಂಡು ಬನ್ನಿ.

ಇದನ್ನು ನಾನು ತಪ್ಪು ಮಾಡಿ ಕಲಿತೆ. ವೃತ್ತಿ ಆರಂಭಿಸಿದ ಹೊಸತರಲ್ಲಿ ಬೀಡಿ ಕಟ್ಟುವ ಒಬ್ಬ ತಾಯಿ ಕೆಮ್ಮೆಂದು ಬಂದರು. ಬೀಡಿ ಸೊಪ್ಪಿನ ಧೂಳಿನಿಂದ ಇರಬಹುದೆಂದು ಲಊಖ್ ಕೊಟ್ಟೆ. ಮೂರು ವಾರ ಬಿಟ್ಟು ಮತ್ತೆ ಬಂದರು, ಮತ್ತೆ ಅದನ್ನೇ ಕೊಟ್ಟೆ. ಮೂರನೇ ಸಲ ಬಂದಾಗ ಮೈ ಇಳಿದಿತ್ತು, ಸಂಜೆ ಜ್ವರ ಬರುತ್ತಿತ್ತು. ಕಫ ಪರೀಕ್ಷೆಯಲ್ಲಿ ಕ್ಷಯ ಎಂದು ತಿಳಿಯಿತು. ಅಷ್ಟರಲ್ಲಿ ಅವರ ಮಗ್ಗುಲಲ್ಲೇ ಮಲಗುತ್ತಿದ್ದ ಮೊಮ್ಮಗುವಿಗೂ ರೋಗ ತಗಲಿತ್ತು. ಇಬ್ಬರೂ ಗುಣಮುಖರಾದರು, ಅಲ್‌ಹಮ್ದುಲಿಲ್ಲಾಹ್. ಆದರೆ ವ್ಯರ್ಥವಾಗಿ ಕಳೆದ ಆ ಆರು ವಾರಗಳಿಗೆ ನಾನೇ ಹೊಣೆ.

ಈ ತಪ್ಪು ನನ್ನೊಬ್ಬನದೇ ಅಲ್ಲ, ಹೊಸತೂ ಅಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದರ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ರೋಗಿಗಳನ್ನು ಹುಡುಕಿ ಮಾತನಾಡಿಸಿದರು. ಹಳ್ಳಿಯ ಜನರಿಗೆ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ನಂಬಿಕೆಯಾಗಿತ್ತು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಬೇರೆಯೇ ಹೇಳಿತು. ಬಹುತೇಕ ರೋಗಿಗಳಿಗೆ ತಮಗೆ ಏನೋ ಆಗಿದೆಯೆಂದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಇಂಗ್ಲಿಷ್ ಔಷಧಿಯ ಚಿಕಿತ್ಸಾಲಯಗಳಿಗೆ ಹೋಗಿದ್ದರು. ಅಲ್ಲಿಂದ ಅವರಲ್ಲಿ ಅನೇಕರು ಕೆಮ್ಮಿನ ಔಷಧಿ ಹಿಡಿದುಕೊಂಡು ಮನೆಗೆ ಮರಳಿದ್ದರು. ಅಂದರೆ ಜನರು ಎಡವಿರಲಿಲ್ಲ, ಮದ್ದು ಕೊಡುವವರು ಎಡವಿದ್ದರು. ಇಂದಿಗೂ ಯುನಾನಿ, ಆಯುರ್ವೇದ, ಅಲೋಪತಿ ಎಂಬ ಭೇದವಿಲ್ಲದೆ ನಾವೆಲ್ಲ ಈ ಮಾತಿಗೆ ತಲೆಬಾಗಬೇಕು.

'ಯುನಾನಿಯಲ್ಲಿ ಕ್ಷಯಕ್ಕೆ ಮದ್ದಿಲ್ಲವೇ?' ಎಂದು ಕೆಲವರು ಬೇಸರದಿಂದ ಕೇಳುತ್ತಾರೆ. ನಮ್ಮ ಗ್ರಂಥಗಳಲ್ಲಿ ಈ ರೋಗಕ್ಕೆ 'ಸಿಲ್' ಎಂಬ ಹೆಸರಿದೆ. ಸಾವಿರ ವರ್ಷಗಳ ಹಿಂದೆಯೇ ಇಬ್ನು ಸೀನಾ ಇದನ್ನು ಒಬ್ಬರಿಂದ ಒಬ್ಬರಿಗೆ ಹರಡುವ ರೋಗಗಳ ಸಾಲಿನಲ್ಲಿ ಇಟ್ಟಿದ್ದರು. ಆದರೆ ರೋಗಾಣುವನ್ನು ಕಣ್ಣಿಗೆ ಕಾಣಿಸಿದವರು ರಾಬರ್ಟ್ ಕಾಖ್, 1882ರ ಮಾರ್ಚ್ 24ರಂದು. ಅದನ್ನು ಕೊಲ್ಲುವ ಔಷಧಿಗಳು ಬಂದದ್ದು 1940ರ ದಶಕದಿಂದ ಈಚೆಗೆ. ಇಬ್ನು ಸೀನಾ ಇಂದು ಬದುಕಿದ್ದರೆ ಆ ಔಷಧಿಯನ್ನೇ ಬರೆದುಕೊಡುತ್ತಿದ್ದರು ಎಂಬುದು ನನ್ನ ದೃಢ ಅಭಿಪ್ರಾಯ. ಅಲ್ಲಾಹನು ಪ್ರತಿಯೊಂದು ರೋಗಕ್ಕೂ ಔಷಧಿ ಇಟ್ಟಿದ್ದಾನೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆ ಔಷಧಿ ನನ್ನ ಕಪಾಟಿನಲ್ಲೇ ಇರಬೇಕೆಂದು ಹಟ ಹಿಡಿಯುವುದು ಅಹಂಕಾರ.

ಎರಡನೆಯ ಮಾತು, ಆರು ತಿಂಗಳ ಬಗ್ಗೆ. ಎರಡು ತಿಂಗಳು ಮಾತ್ರೆ ನುಂಗುವಷ್ಟರಲ್ಲಿ ಕೆಮ್ಮು ನಿಲ್ಲುತ್ತದೆ, ಹಸಿವಾಗುತ್ತದೆ, ಮುಖಕ್ಕೆ ಕಳೆ ಬರುತ್ತದೆ. ಇನ್ನೇಕೆ ಮಾತ್ರೆ ಎಂದು ಬಿಟ್ಟುಬಿಡುತ್ತಾರೆ. ಅಪಾಯ ಇರುವುದು ಇಲ್ಲೇ. ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಸುಮಾರು 20 ಗಂಟೆ ಬೇಕು. ಅದರಲ್ಲೂ ಕೆಲವು ತೂಕಡಿಸುತ್ತಾ ಬಿದ್ದಿರುತ್ತವೆ. ಚುರುಕಾಗಿರುವವು ಬೇಗ ಸಾಯುತ್ತವೆ, ತೂಕಡಿಸುವವು ಉಳಿಯುತ್ತವೆ. ಅವುಗಳಿಗಾಗಿಯೇ ಉಳಿದ ನಾಲ್ಕು ತಿಂಗಳು.

ಒಂದೇ ಮಾತ್ರೆ ಸಾಲದೇ ಎಂದು ಕೇಳುವವರಿಗೂ ಉತ್ತರವಿದೆ. 1948ರಲ್ಲಿ ಬ್ರಿಟನ್ನಿನ ವೈದ್ಯರು ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಆ ಔಷಧಿ ಪಡೆದ 55 ಮಂದಿಯಲ್ಲಿ ಆರು ತಿಂಗಳೊಳಗೆ ಸತ್ತವರು 4, ಪಡೆಯದ 52 ಮಂದಿಯಲ್ಲಿ 14. ದೊಡ್ಡ ಗೆಲುವೇ. ಆದರೆ ಔಷಧಿ ಪಡೆದ ಅನೇಕರಲ್ಲಿ ರೋಗಾಣು ಆ ಔಷಧಿಗೆ ಒಗ್ಗಿಹೋಯಿತು, ಮುಂದೆ ಅದು ಕೆಲಸ ಮಾಡಲಿಲ್ಲ. ಹಾಗಾಗಿಯೇ ಇಂದು ಮೊದಲೆರಡು ತಿಂಗಳು ನಾಲ್ಕು ಔಷಧಿಗಳನ್ನು ಒಟ್ಟಿಗೆ ಕೊಡುತ್ತಾರೆ. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಕ್ಕಿಬೀಳಬೇಕು. ಮಧ್ಯದಲ್ಲಿ ಬಿಟ್ಟರೆ ತಪ್ಪಿಸಿಕೊಂಡವು ಬೆಳೆಯುತ್ತವೆ. ಆಗ ಹರಡುವುದು ಮದ್ದಿಗೆ ಜಗ್ಗದ ಕ್ಷಯ.

ನಿಮ್ಮ ಮನೆಗಳಲ್ಲಿ ಮಾತ್ರೆ ನಿಲ್ಲಲು ಮೂರು ಕಾರಣಗಳನ್ನು ನಾನು ಕಂಡಿದ್ದೇನೆ.

ಮೊದಲನೆಯದು ರಮಝಾನ್. ಮಾತ್ರೆ ದಿನಕ್ಕೆ ಒಂದೇ ಹೊತ್ತು. ನಿಮ್ಮ ವೈದ್ಯರು ಉಪವಾಸಕ್ಕೆ ದೇಹ ತಾಳುತ್ತದೆ ಎಂದರೆ ಸಹ್ರಿಯ ಸಮಯಕ್ಕೆ ಹೊಂದಿಸಿಕೊಡುತ್ತಾರೆ. ತಾಳುವುದಿಲ್ಲ ಎಂದರೆ ಉಪವಾಸವನ್ನು ಮುಂದಕ್ಕೆ ಹಾಕಿ. ರೋಗಿಗೆ ಆ ರಿಯಾಯಿತಿ ಕೊಟ್ಟವನು ಅಲ್ಲಾಹನೇ.

ಎರಡನೆಯದು ಭಯ. ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ರಿಫಾಂಪಿಸಿನ್ ಔಷಧಿಯ ಬಣ್ಣ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅದೇ ದಿನ ಚಿಕಿತ್ಸೆ ಕೊಡುವ ವೈದ್ಯರ ಬಳಿ ಓಡಿ. ಅವರಿಗೆ ತಿಳಿಸದೆ ನನ್ನಿಂದಾಗಲಿ ಬೇರೆಯವರಿಂದಾಗಲಿ ಯಾವ ಮಾಜೂನನ್ನೂ ತೆಗೆದುಕೊಳ್ಳಬೇಡಿ.

ಮೂರನೆಯದು ಹೆಣ್ಣುಮಕ್ಕಳ ಮದುವೆ. ಸಂಬಂಧ ಕುದುರಿದೆ, ಮಾತ್ರೆಯ ಪೊಟ್ಟಣ ಯಾರ ಕಣ್ಣಿಗಾದರೂ ಬಿದ್ದರೆ ಎಂಬ ಅಂಜಿಕೆಯಿಂದ ತಾಯಂದಿರೇ ಮಗಳ ಚಿಕಿತ್ಸೆ ನಿಲ್ಲಿಸುತ್ತಾರೆ. ಈ ಅಂಜಿಕೆ ಹುಟ್ಟಿಸಿದವರು ಯಾರು? ಹುಡುಗನ ಕಡೆಯವರಾದ ನಾವೇ ಅಲ್ಲವೇ? ಸರಿಯಾದ ಚಿಕಿತ್ಸೆ ಆರಂಭವಾದ ಕೆಲವೇ ವಾರಗಳಲ್ಲಿ ಹೆಚ್ಚಿನ ರೋಗಿಗಳಿಂದ ಸೋಂಕು ಹರಡುವುದು ನಿಲ್ಲುತ್ತದೆ. ಚಿಕಿತ್ಸೆ ಪೂರ್ಣಗೊಳಿಸಿದ ಹುಡುಗಿ ಆರೋಗ್ಯವಂತೆ. ನಿಕಾಹ್ ಆರು ತಿಂಗಳು ಕಾಯಬಹುದು, ಶ್ವಾಸಕೋಶ ಕಾಯುವುದಿಲ್ಲ.

ಇನ್ನು ಜಮಾಅತ್‌ಗಳಿಗೆ ಒಂದು ಮಾತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಜಾರ್ಖಂಡ್‌ನಲ್ಲಿ ಕ್ಷಯ ರೋಗಿಗಳ ಮನೆಗಳಿಗೆ ಅಕ್ಕಿ, ಬೇಳೆ ಮೊದಲಾದ ಆಹಾರ ಒದಗಿಸಿ ನಡೆಸಿದ ಸಂಶೋಧನೆ 2023ರಲ್ಲಿ ಪ್ರಕಟವಾಯಿತು. ಮನೆಯವರಿಗೂ ಹೆಚ್ಚುವರಿ ಆಹಾರ ಸಿಕ್ಕ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಚುಚ್ಚುಮದ್ದಲ್ಲ, ಅಕ್ಕಿ ಬೇಳೆ! ಸರಕಾರ ಈಗ ಚಿಕಿತ್ಸೆಯಲ್ಲಿರುವ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿ ಕೊಡುತ್ತದೆ. ಅದರಲ್ಲಿ ಇಡೀ ಮನೆ ಉಣ್ಣಲಾಗದು. ರಮಝಾನ್ ಕಿಟ್ ಹಂಚುವ ನಮ್ಮ ಜಮಾಅತ್‌ಗಳು ಮೊಹಲ್ಲಾದ ಬಡ ಕ್ಷಯ ರೋಗಿಯ ಮನೆಗೆ ಆರು ತಿಂಗಳು, ಹೆಸರು ಹೊರಗೆ ಬಾರದಂತೆ, ರೇಶನ್ ಮುಟ್ಟಿಸಲಾರವೇ? ಝಕಾತ್‌ಗೆ, ಸದಖಾಕ್ಕೆ ಇದಕ್ಕಿಂತ ನೇರವಾದ ದಾರಿ ನನಗೆ ಕಾಣುವುದಿಲ್ಲ.

ಪರೀಕ್ಷೆ, ಮಾತ್ರೆ ಎರಡೂ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಮನೆಯಲ್ಲೊಬ್ಬರಿಗೆ ಕ್ಷಯ ಎಂದಾದರೆ ಉಳಿದವರೆಲ್ಲರ, ಮುಖ್ಯವಾಗಿ ಮಕ್ಕಳ ತಪಾಸಣೆ ಮಾಡಿಸಿ.

ಈ ಪತ್ರಿಕೆ ಓದಿ ಮುಗಿಸಿದ ಮೇಲೆ ಒಂದು ಕ್ಷಣ ಕಿವಿಗೊಡಿ. ಒಳಗಿನ ಕೋಣೆಯಲ್ಲಿ ಅಜ್ಜಿಯೋ ಅತ್ತಿಗೆಯೋ ಕೆಮ್ಮುತ್ತಿದ್ದರೆ, ಎಷ್ಟು ದಿನವಾಯಿತೆಂದು ಕೇಳಿ. ಎರಡು ವಾರ ದಾಟಿದ್ದರೆ ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗಿ.