ಒಪ್ಪತ್ತು ಸಾಕಾ, ಬೆವರೂ ಬೇಕಾ?

ನಮ್ಮ ಹಾವೇರಿ, ರಾಣೆಬೆನ್ನೂರು ಕಡೆ ಸೋಮವಾರದ ಒಪ್ಪತ್ತು ಹೊಸದಲ್ಲ. ಈಗ ಬಂದಿರೋದು 16:8 ಫಾಸ್ಟಿಂಗ್: ಎಂಟು ತಾಸಿನೊಳಗೆ ಊಟ, ಉಳಿದ ಹದಿನಾರು ತಾಸು ಉಪವಾಸ. ಇಷ್ಟು ಮಾಡಿದ್ರೆ ವ್ಯಾಯಾಮ ಬೇಡವಾ?

ತೂಕ ಇಳಿಯೋಕೆ ಬೇಕೇ ಬೇಕು ಅಂತಿಲ್ಲ, ಒಟ್ಟಾರೆ ತಿನ್ನೋದು ಕಡಿಮೆಯಾದ್ರೆ ಇಳಿಯುತ್ತೆ. ಆದ್ರೆ ಕರಗೋದು ಏನು? 2020ರಲ್ಲಿ ಪ್ರಕಟವಾದ, 116 ಜನರ 12 ವಾರಗಳ ಅಮೆರಿಕದ ಅಧ್ಯಯನ ನೋಡಿ. 16:8 ಮಾಡಿದವರು ಸರಾಸರಿ ಒಂದು ಕೆಜಿಯೂ ಇಳಿಯಲಿಲ್ಲ. ವಿವರವಾಗಿ ಅಳೆದವರಲ್ಲಿ ಕೊಬ್ಬಿಗಿಂತ ಹೆಚ್ಚು ಹೋಗಿದ್ದು ಸ್ನಾಯುವೂ ಸೇರಿದ ಕೊಬ್ಬಲ್ಲದ ಭಾಗ!

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರೋ ಹಮಾಲರಿಗೆ ಜಿಮ್ ಬೇಕಿಲ್ಲ. ದಿನವಿಡೀ ಕುರ್ಚಿಗೆ ಅಂಟಿರೋ ನನ್ನಂಥ ಸಾಫ್ಟ್‌ವೇರ್ ಮಂದಿಗೆ ಬೇಕು. ದಿನಾ ಅರ್ಧ ತಾಸು ಬಿರುಸಾಗಿ ನಡೀರಿ, ವಾರಕ್ಕೆರಡು ದಿನ ದಂಡ-ಬೈಠಕ್ ಹೊಡೀರಿ, ಊಟದಲ್ಲಿ ಕಾಳು-ಬೇಳೆ ಇರಲಿ. ಕೊಬ್ಬು ಹೋಗ್ಲಿ, ಕಸುವು ಉಳೀಲಿ. ಏನಂತೀರಿ?